ಚಾರ್ಟಿನಲ್ಲಿ ಎಲ್ಲರ ಉಸಿರೂ ಇಪ್ಪತ್ತು

ವಾರ್ಡಿನ ಇನ್‌ಚಾರ್ಜ್ ನರ್ಸ್ ಆದಮೇಲೆ ನಾನು ಬೆಳಗಿನ ಪಾಳಿಯವಳು. ಆ ದಿನ ಒಬ್ಬಳು ರಜೆ ಹಾಕಿದಳು, ಬದಲಿಗೆ ಯಾರೂ ಸಿಗಲಿಲ್ಲ, ನೈಟ್ ಡ್ಯೂಟಿಗೆ ನಾನೇ ಬಂದೆ. ಗಂಡಸರ ಸರ್ಜಿಕಲ್ ವಾರ್ಡು. 32 ಬೆಡ್, ನಾವಿಬ್ಬರು. ಜೊತೆಗಿದ್ದವಳು ಕೆಲಸಕ್ಕೆ ಸೇರಿ ಮೂರು ತಿಂಗಳಾಗಿದ್ದ ಹುಡುಗಿ.

14ನೇ ಬೆಡ್‌ನವರಿಗೆ ಶುಗರ್ ಇತ್ತು. ಕಾಲಿನ ಹುಣ್ಣು ಕೊಳೆತು, ಎರಡು ದಿನದ ಹಿಂದೆ ಥಿಯೇಟರಿನಲ್ಲಿ ಕ್ಲೀನ್ ಮಾಡಿದ್ದರು. ರಾತ್ರಿ ಒಂಬತ್ತಕ್ಕೆ ಅವರ ಹೆಂಡತಿ ಬಂದು, "ಸಿಸ್ಟರ್, ಇವರು ಯಾಕೋ ಒಂಥರಾ ಆಡ್ತಾ ಇದಾರೆ. ಹಸು ಕಟ್ಟಿದ್ಯಾ ಅಂತ ಕೇಳ್ತಾರೆ. ಹಸು ಮಾರಿ ವರ್ಷ ಆಯ್ತು" ಅಂದರು. "ಜ್ವರ ಇದೆ ಅಲ್ವಾ ಅಮ್ಮಾ, ಕನವರಿಸ್ತಾರೆ. ಮಲಗಲಿ ಬಿಡಿ" ಅಂದೆ ನಾನು. ಹದಿನೇಳು ವರ್ಷದ ಅನುಭವ ಆಡಿಸಿದ ಮಾತು ಅದು.

ಹನ್ನೊಂದಕ್ಕೆ ಆ ಹುಡುಗಿ ಬಂದಳು. "ಅಕ್ಕಾ, 14ನೇ ಬೆಡ್‌ನವರ ಉಸಿರು ಎಣಿಸಿದೆ. 28 ಬಂತು."

"ಸರಿಯಾಗಿ ಎಣಿಸಿದ್ಯಾ? ಸಂಜೆ 20 ಇದೆಯಲ್ಲ ಚಾರ್ಟಲ್ಲಿ."

"ಎರಡು ಸಲ ಎಣಿಸಿದೆ ಅಕ್ಕಾ. ಒಂದೊಂದು ಸಲಾನೂ ಪೂರ್ತಿ ಒಂದು ನಿಮಿಷ."

ಹೋಗಿ ನೋಡಿದೆ. ಮೊದಲು ಬೆರಳು ಚುಚ್ಚಿ ಶುಗರ್ ನೋಡಿದೆ. ಶುಗರ್ ಪೇಷೆಂಟ್ ತಡವರಿಸಿದರೆ ಮೊದಲ ಅನುಮಾನ ಅದರ ಮೇಲೆ. 210. ಶುಗರ್ ಇಳಿದಿಲ್ಲ. ಜ್ವರ 100.8, ನಾಡಿ 108, ಬಿಪಿ ಮೇಲಿನದು 106, ಆಕ್ಸಿಜನ್ 96. ಬಿಡಿಬಿಡಿಯಾಗಿ ನೋಡಿದರೆ ಯಾವುದೂ ಹೆದರಿಸುವುದಿಲ್ಲ. ಮೂತ್ರ ಯಾವಾಗ ಮಾಡಿದ್ದು ಅಂತ ಕೇಳಿದೆ. "ಬೆಳಿಗ್ಗೆ ತಿಂಡಿ ಆದಮೇಲೆ ಒಂದ್ಸಲ, ಅಷ್ಟೆ" ಅಂದರು ಹೆಂಡತಿ. ಆಗ ನನ್ನ ಎದೆ ಧಸಕ್ಕೆಂದಿತು.

ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದೆ. "ಸರ್, 14ನೇ ಬೆಡ್ ಪೇಷೆಂಟ್ ಯಾಕೋ ಸರಿ ಕಾಣ್ತಿಲ್ಲ, ಜ್ವರ ಇದೆ" ಅಂದೆ. "ಪ್ಯಾರಾಸಿಟಮಾಲ್ ಕೊಡಿ, ಬೆಳಿಗ್ಗೆ ನೋಡೋಣ" ಅಂದರು. ಅವರದ್ದು ತಪ್ಪು ಅಂತ ಹೇಳಲಾರೆ. ನಾನು ಕೊಟ್ಟ ಸುದ್ದಿಗೆ ಸಿಗಬೇಕಾದ ಉತ್ತರವೇ ಸಿಕ್ಕಿತು. ಎರಡು ನಿಮಿಷ ಬಿಟ್ಟು ಮತ್ತೆ ಮಾಡಿದೆ. "ಸರ್, ಉಸಿರು 28, ಸಂಜೆಯಿಂದ ಗೊಂದಲದ ಮಾತು, ಬೆಳಗಿನಿಂದ ಮೂತ್ರ ಇಲ್ಲ, ಶುಗರ್ 210. ಕಾಲಿನ ಸೋಂಕು ರಕ್ತಕ್ಕೆ ಹೋಗಿದೆ ಅನ್ನಿಸ್ತಿದೆ. ನೀವು ಈಗಲೇ ಬಂದು ನೋಡಬೇಕು." ಹತ್ತು ನಿಮಿಷದಲ್ಲಿ ಬಂದರು. ಯಾವ ರೋಗಾಣು ಅಂತ ಪತ್ತೆ ಮಾಡುವ ಕಲ್ಚರ್ ಪರೀಕ್ಷೆಗೆ ರಕ್ತ ತೆಗೆದು, ಆಂಟಿಬಯೋಟಿಕ್ ಬದಲಿಸಿ, ಡ್ರಿಪ್ ಜೋರಾಗಿ ಬಿಟ್ಟು ಐಸಿಯುಗೆ ಕಳಿಸಿದೆವು. ಕಾಲಿನ ಎರಡು ಬೆರಳು ಹೋದವು, ಮನುಷ್ಯ ಉಳಿದರು.

ಬೆಳಿಗ್ಗೆ ಮನೆಗೆ ಹೋಗುವ ಮುಂಚೆ ವಾರ್ಡಿನ ಅಷ್ಟೂ ಚಾರ್ಟ್ ತೆಗೆದು ಕೂತೆ. ಉಸಿರಿನ ಕಾಲಮ್ಮಿನಲ್ಲಿ 20, 20, 18, 20. ನಾನು ಬರೆದ ಹಾಳೆಗಳಲ್ಲೂ ಅದೇ. ಸಂಜೆ ಪಾಳಿಯವಳನ್ನು ಕರೆದು ಬೈಯೋಣ ಅಂತಿದ್ದೆ. ಯಾವ ಮುಖ ಇಟ್ಟುಕೊಂಡು ಬೈಯಲಿ?

ಎಣಿಸದೇ ಇರೋದಕ್ಕೆ ಕಾರಣವೂ ಇತ್ತು. ಬಿಪಿಗೆ, ಆಕ್ಸಿಜನ್‌ಗೆ ಮೆಷಿನ್ ಇದೆ. ಉಸಿರಿಗೆ ಕಣ್ಣು ಮತ್ತು ಒಂದು ನಿಮಿಷ ಬೇಕು. ನಮ್ಮ ವಾರ್ಡಿನ ಗೋಡೆ ಗಡಿಯಾರದ ಸೆಕೆಂಡಿನ ಮುಳ್ಳು ಕಳಚಿ ಬಿದ್ದು ಎಷ್ಟೋ ತಿಂಗಳಾಗಿತ್ತು! ನಾಯಕತ್ವ ಅಂತ ನಾನು ಮಾಡಿದ ಮೊದಲ ಕೆಲಸ ಹೊಸ ಗಡಿಯಾರ ತಂದಿದ್ದು. ಇಂಡೆಂಟ್ ಹಾಕಿ ಕಾಯಲಿಲ್ಲ, ಕೈಯಿಂದಲೇ ದುಡ್ಡು ಹಾಕಿದೆ.

ಆಮೇಲೆ ಎಲ್ಲರೂ ಸೇರಿ ಎಣಿಸುವುದನ್ನು ಮತ್ತೆ ಕಲಿತೆವು. ನೋಡ್ತಿದ್ದೀವಿ ಅಂತ ಗೊತ್ತಾದರೆ ಪೇಷೆಂಟ್ ಉಸಿರಾಟ ಬದಲಿಸಿಬಿಡ್ತಾರೆ. ಅದಕ್ಕೇ ನಾಡಿ ಹಿಡಿದು ಮುಗಿದ ಮೇಲೂ ಕೈ ಬಿಡಬಾರದು. ನಾಡಿ ನೋಡುವ ಹಾಗೇ ಹಿಡಿದುಕೊಂಡು ಎದೆ ನೋಡಬೇಕು. ಹೊದಿಕೆ ದಪ್ಪ ಇದ್ದರೆ ಅವರ ಕೈಯನ್ನೇ ಹೊಟ್ಟೆಯ ಮೇಲಿಟ್ಟು, ಅದು ಏರಿಳಿಯುವುದನ್ನು ಎಣಿಸಬೇಕು.

ಚಾರ್ಟನ್ನೂ ಬದಲಿಸಿದೆವು. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ತಂದು 2017ರಲ್ಲಿ ತಿದ್ದಿದ ನ್ಯೂಸ್ ಸ್ಕೋರ್ (ನ್ಯಾಷನಲ್ ಅರ್ಲಿ ವಾರ್ನಿಂಗ್ ಸ್ಕೋರ್, ಪೇಷೆಂಟ್ ಹದಗೆಡುತ್ತಿರುವುದನ್ನು ಬೇಗ ಹಿಡಿಯುವ ಲೆಕ್ಕ) ಇದೆಯಲ್ಲ, ಅದನ್ನು ಹಿಡಿದೆವು. ಉಸಿರು, ನಾಡಿ, ಬಿಪಿ ಹೀಗೆ ಒಂದೊಂದಕ್ಕೂ 0ಯಿಂದ 3ರವರೆಗೆ ಅಂಕ. ಒಟ್ಟು 5 ಆದರೆ ಬೇಗ ಡಾಕ್ಟರ್ ನೋಡಬೇಕು, 7 ಮುಟ್ಟಿದರೆ ತುರ್ತು. 14ನೇ ಬೆಡ್‌ನವರ ಆ ರಾತ್ರಿಯ ಅಂಕಿಗಳನ್ನು ಅದರಲ್ಲಿ ಹಾಕಿ ನೋಡಿದೆ. ಉಸಿರು 20, ಮಾತು ಸರಿಯಿದೆ ಅಂದುಕೊಂಡರೆ ಒಟ್ಟು 3. ಉಸಿರು 28 ಅಂತ ಹಾಕಿದರೆ 6. ಹಸುವಿನ ಮಾತನ್ನೂ ಗೊಂದಲ ಅಂತ ಸೇರಿಸಿದರೆ 9. ಒಂಬತ್ತು ಗಂಟೆಗೇ ಆ ಹೆಂಗಸು ಮೂರು ಅಂಕ ನನ್ನ ಕೈಗೆ ಕೊಟ್ಟಿದ್ದರು. ಈಗ ಮನೆಯವರು "ಒಂಥರಾ ಇದಾರೆ" ಅಂದರೆ ಆ ಮಾತನ್ನು ಅವರದೇ ಶಬ್ದದಲ್ಲಿ ನೋಟ್ಸಿನಲ್ಲಿ ಬರೆಯುತ್ತೇವೆ.

ಸ್ಕೋರನ್ನು ಕಣ್ಣುಮುಚ್ಚಿ ನಂಬಬಾರದು. ಬಸುರಿಯರಿಗೆ, 16ಕ್ಕಿಂತ ಚಿಕ್ಕವರಿಗೆ ಇದು ಹೊಂದುವುದಿಲ್ಲ. ಬೀಡಿ ಸೇದಿ ಸೇದಿ ಶ್ವಾಸಕೋಶ ಹಾಳಾದ ಕೆಲವರಿಗೆ ಆಕ್ಸಿಜನ್ 88ರಿಂದ 92 ಇದ್ದರೆ ಸಾಕು ಅಂತ ಡಾಕ್ಟರೇ ಬರೆದಿರುತ್ತಾರೆ. ಅಂಥವರಿಗೆ ಬೇರೆ ಅಳತೆ ಇದೆ. ಅದನ್ನು ಬಳಸದೆ ಮೊದಲ ತಿಂಗಳು ಸುಮ್ನೆ ಸುಮ್ನೆ ಫೋನ್ ಮಾಡಿ ಬೈಸಿಕೊಂಡೆವು.

ಕಷ್ಟವಾಗಿದ್ದು ಫೋನಿನ ವಿಷಯ. ಸ್ಕೋರ್ 7 ಆಗಿ ಡ್ಯೂಟಿ ಡಾಕ್ಟರ್ ಹದಿನೈದು ನಿಮಿಷದಲ್ಲಿ ಬರದಿದ್ದರೆ ನರ್ಸ್ ನೇರವಾಗಿ ಕನ್ಸಲ್ಟೆಂಟಿಗೆ, ಅಂದರೆ ಹಿರಿಯ ಡಾಕ್ಟರಿಗೆ, ಫೋನ್ ಮಾಡಬಹುದು ಅಂತ ಬರೆದು ಕೊಡಿ ಎಂದು ಕೇಳಿದೆ. "ರಾತ್ರಿಯೆಲ್ಲಾ ಎಬ್ಬಿಸ್ತೀರಾ?" ಅಂದರು ಕನ್ಸಲ್ಟೆಂಟರು. ವಾದ ಮಾಡಲಿಲ್ಲ. ಪ್ರತಿ ಕರೆಯನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟೆ: ಎಷ್ಟು ಹೊತ್ತಿಗೆ, ಯಾಕೆ, ಏನಾಯಿತು. ಮೂರು ತಿಂಗಳು ಬಿಟ್ಟು ಆ ಪುಸ್ತಕ ಅವರ ಮುಂದಿಟ್ಟೆ. ಸಹಿ ಬಿತ್ತು. ಫೋನ್ ಪಕ್ಕದ ಗೋಡೆಗೆ ನಾಲ್ಕು ಸಾಲು ಅಂಟಿಸಿದ್ದೇವೆ: ಈಗ ಏನಾಗಿದೆ, ಹಿಂದೆ ಏನಿತ್ತು, ನನಗೇನು ಅನ್ನಿಸುತ್ತಿದೆ, ನಿಮ್ಮಿಂದ ಏನು ಬೇಕು. ಹೊಸಬರು ಮೂರನೇ ಸಾಲಿಗೆ ತಡವರಿಸುತ್ತಾರೆ. "ನಾನು ಹೇಗೆ ಹೇಳಲಿ ಅಕ್ಕಾ, ಡಾಕ್ಟರ್ ಅಲ್ವಲ್ಲ" ಅಂತಾರೆ. ಪಕ್ಕದಲ್ಲಿ ನಿಂತು ಹೇಳಿಸುತ್ತೇನೆ.

ಚಾರ್ಟ್ ನೋಡುವಾಗ ನಾನು ಹುಡುಕುವುದು ಬೆಸ ಸಂಖ್ಯೆ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿದರೆ ಬೆಸ ಬರುವುದೇ ಇಲ್ಲ. ಮೊನ್ನೆ ತೆಗೆದರೆ 17, 22, 19, 15. ಒಂದು ಹಾಳೆಯಲ್ಲಿ ಮಾತ್ರ ಮೇಲಿನಿಂದ ಕೆಳಗಿನವರೆಗೆ 20. ಸಹಿ ನೋಡಿದೆ, ನನಗಿಂತ ಸೀನಿಯರ್. ಸೋಮವಾರ ಟೀ ಕುಡಿಯುವಾಗ ಮಾತಾಡಬೇಕು.