ವೆಗ್ಗಿಸ್‌ನಿಂದ ರೀಗಿಯ ತುದಿಗೆ ನಡೆದು ಹೋದದ್ದು

ಸ್ವಿಟ್ಜರ್ಲೆಂಡಿನ ರೀಗಿ ಪರ್ವತದ ಮೇಲೆ 1871ರಲ್ಲಿ ಓಡಾಟ ಆರಂಭಿಸಿದ ಹಲ್ಲುಹಳಿಯ ರೈಲು ಯುರೋಪಿನಲ್ಲೇ ಮೊದಲ ಪರ್ವತ ರೈಲು. ಅದರಲ್ಲಿ ಎರಡು ಬಾರಿ ಹೋಗಿ ಬಂದಿದ್ದರೂ ಬೆಟ್ಟವನ್ನು ಕಂಡೆನೆಂಬ ತೃಪ್ತಿ ನನಗಿರಲಿಲ್ಲ. ಆದ್ದರಿಂದ ಸೆಪ್ಟೆಂಬರ್ ಕೊನೆಯ ಒಂದು ಬೆಳಿಗ್ಗೆ ಲುಝರ್ನ್‌ನಿಂದ ದೋಣಿ ಹಿಡಿದು, ಸರೋವರದ ದಂಡೆಯಲ್ಲಿರುವ ವೆಗ್ಗಿಸ್‌ನಲ್ಲಿ ಇಳಿದು, ನಡೆಯತೊಡಗಿದೆ.

ಸರೋವರದ ಮಟ್ಟ 434 ಮೀಟರ್, ತುದಿಯಾದ ರೀಗಿ ಕುಲ್ಮ್ 1,798 ಮೀಟರ್. ಅಂದರೆ ಒಂದೇ ದಿನದಲ್ಲಿ 1,360 ಮೀಟರಿಗೂ ಹೆಚ್ಚು ಏರು. ತಂಪು ಹವೆಯ ಉತ್ಸಾಹದಲ್ಲಿ ಮೊದಲ ಮುಕ್ಕಾಲು ಗಂಟೆ ಬಿರುಸಾಗಿ ನಡೆದ ಕಾರಣ, ಹೈಲಿಗ್‌ಕ್ರಾಯ್ಟ್ಸ್‌ನ ಪುಟ್ಟ ಪ್ರಾರ್ಥನಾ ಮಂದಿರ ತಲುಪುವ ಹೊತ್ತಿಗೆ ಮೀನಖಂಡ ಸೆಟೆದುಕೊಂಡಿತು. ಅಲ್ಲಿ ಕುಳಿತು ನೀರು ಕುಡಿದ ಮೇಲೆ, ಏದುಸಿರಿಲ್ಲದೆ ಮಾತನಾಡಲು ಸಾಧ್ಯವಾಗುವಷ್ಟೇ ವೇಗದಲ್ಲಿ ನಡೆದೆ. ಕೊನೆಯವರೆಗೂ ನನ್ನನ್ನು ಕಾಪಾಡಿದ್ದು ಆ ನಿಧಾನವೇ.

ಕಾಡಿನ ದಾರಿಯಲ್ಲಿ ಫೆಲ್ಸನ್‌ಟೋರ್ ಎಂಬ ಕಲ್ಲಿನ ಹೆಬ್ಬಾಗಿಲು ಸಿಗುತ್ತದೆ. ಎರಡು ಬಂಡೆಗಳ ನಡುವೆ ಮೂರನೆಯದೊಂದು ಸಿಕ್ಕಿಕೊಂಡು ನಿಂತಿದ್ದು, ಅದರ ಅಡಿಯಲ್ಲೇ ದಾಟಬೇಕು. ಆ ಬಂಡೆಯ ಮೇಲೆ ಕೈಯಾಡಿಸಿದಾಗ, ಹೊಳೆಯಲ್ಲಿ ಉರುಳಿ ನುಣುಪಾದ ಉರುಟುಗಲ್ಲುಗಳು, ಕೆಲವು ನಿಂಬೆಯಷ್ಟು, ಕೆಲವು ತೆಂಗಿನಕಾಯಿಯಷ್ಟು, ಗಾರೆಯಲ್ಲಿ ಕೂಡಿಸಿದಂತೆ ಬೆರಳಿಗೆ ತಾಕಿದವು. ಪ್ರಾಚೀನ ನದಿಗಳು ಆಲ್ಪ್ಸ್‌ನಿಂದ ಹೊತ್ತು ತಂದು ಸುರಿದ ಈ ಕಲ್ಲುರಾಶಿಯೇ ಗಟ್ಟಿಯಾಗಿ ರೀಗಿಯಾಗಿದೆ. ಅಲ್ಲಿಯವರು ಇದನ್ನು ನಾಗೆಲ್‌ಫ್ಲೂ, ಅಂದರೆ ಮೊಳೆಬಂಡೆ, ಎನ್ನುತ್ತಾರೆ. ಹೊರಚಾಚಿದ ಕಲ್ಲುಗಳು ಮೊಳೆಯ ತಲೆಗಳಂತೆಯೇ ಕಾಣುತ್ತವೆ. ಮಂಜಿನಲ್ಲಿ ತೊಯ್ದಾಗ ಇದು ಬಹಳ ಜಾರುವುದರಿಂದ ಊರುಗೋಲು ಒಯ್ದದ್ದು ಒಳ್ಳೆಯದಾಯಿತು.

ಬೆಟ್ಟದ ಮೇಲಿನ ಕಾಲ್ಟ್‌ಬಾಡ್ ಎಂಬ ಊರು ದಾಟಿದ ನಂತರ ಹುಲ್ಲುಗಾವಲು ತೆರೆದುಕೊಂಡು ದಾರಿ ಸುಲಭವಾಯಿತು. ಊಟದ ಬಿಡುವೂ ಸೇರಿ ಐದೂವರೆ ಗಂಟೆಗಳಲ್ಲಿ ತುದಿ ತಲುಪಿದ್ದೆ. ದಕ್ಷಿಣಕ್ಕೆ ಹಿಮಶಿಖರಗಳ ಸಾಲಿತ್ತು; ಆದರೆ ನನ್ನ ಕಣ್ಣು ನೆಟ್ಟದ್ದು ಎದುರಿನ ರೋಸ್‌ಬೆರ್ಗ್ ಬೆಟ್ಟದ ಮೈಮೇಲಿನ ಗಾಯದ ಮೇಲೆ. 1806ರ ಸೆಪ್ಟೆಂಬರ್ 2ರಂದು, ಮಳೆಯಿಂದ ನೆನೆದ ಜೇಡಿಪದರದ ಮೇಲೆ ಇದೇ ನಾಗೆಲ್‌ಫ್ಲೂ ಜಾತಿಯ ಬಂಡೆ ಜಾರಿ ಗೋಲ್ಡಾವ್ ಊರನ್ನು ಹೂತುಹಾಕಿತು. 457 ಜನ ಸತ್ತರು.

ಮೊಣಕಾಲಿನ ಚಿಂತೆಯಿಂದ ಇಳಿಯಲು ಗೋಲ್ಡಾವ್ ಕಡೆಯ ರೈಲನ್ನೇ ಹಿಡಿದೆ. ಊರಿನ ಅಂಚಿನಲ್ಲಿ ಅಂದು ಉರುಳಿದ ಬಂಡೆಗಳು ಇಂದಿಗೂ ಪಾಚಿಗಟ್ಟಿ ಬಿದ್ದಿವೆ. ಒಂದರ ಪಾಚಿ ಸರಿಸಿ ನೋಡಿದೆ: ಬೆಳಿಗ್ಗೆ ಫೆಲ್ಸನ್‌ಟೋರ್‌ನಲ್ಲಿ ಮುಟ್ಟಿದಂಥವೇ ಉರುಟುಗಲ್ಲುಗಳು.