ಕ್ಯಾರವಾನ್ ನೆತ್ತಿಯ ಎಸಿ ಬದಲಿಸುವುದು ಹೇಗೆ?

ಮಾರ್ಚ್ ಬಂತೆಂದರೆ ಶಿರಾ, ಪಾವಗಡ ಕಡೆ ಮಧ್ಯಾಹ್ನ ಬಯಲಲ್ಲಿ ನಿಲ್ಲಿಸಿದ ಕ್ಯಾರವಾನ್ ಒಳಗೆ ಕೂರಲು ಆಗುವುದಿಲ್ಲ. ಆ ಹೊತ್ತಿನಲ್ಲೇ ಚಾವಣಿಯ ಎಸಿ ಕೈಕೊಟ್ಟರೆ ಪ್ರವಾಸವೇ ಬೇಡ ಅನ್ನಿಸಿಬಿಡುತ್ತದೆ. ಇದನ್ನು ಬದಲಿಸಲು ತುಮಕೂರಿನವರು ಬೆಂಗಳೂರಿಗೆ ಓಡಬೇಕಿಲ್ಲ. ಎಸಿ ರಿಪೇರಿ ಬಲ್ಲ ಮೆಕ್ಯಾನಿಕ್ ಒಬ್ಬರು, ಬಸ್ ಬಾಡಿ ಕೆಲಸ ಬಲ್ಲವರು ಒಬ್ಬರು, ಎತ್ತಿಕೊಡಲು ಇನ್ನಿಬ್ಬರು ಇದ್ದರೆ ಸಾಕು. ಆದರೆ ಎಲ್ಲರೂ ಕೇಳುವುದು ಎಸಿ ಎಷ್ಟು ತಂಪು ಕೊಡುತ್ತದೆ ಅಂತ. ಅದರ ಕೆಳಗಿರುವ ತೂತನ್ನು ಎಷ್ಟು ಚೆನ್ನಾಗಿ ಮುಚ್ಚಿದ್ದೀರಿ ಅನ್ನುವುದೇ ಗಾಡಿಯ ಆಯಸ್ಸನ್ನು ತೀರ್ಮಾನಿಸುತ್ತದೆ.

ಮೊದಲು ನೋಡಿ, ಆಮೇಲೆ ಕೊಳ್ಳಿ

ತಂಪು ಬರುತ್ತಿಲ್ಲ ಎಂದ ಮಾತ್ರಕ್ಕೆ ಎಸಿ ಸತ್ತಿದೆ ಎಂದಲ್ಲ. ಮೇಲಿನ ಪ್ಲಾಸ್ಟಿಕ್ ಕವರ್ ಬಿಚ್ಚಿ ಕಂಡೆನ್ಸರ್, ಅಂದರೆ ಬಿಸಿಯನ್ನು ಹೊರಗೆ ಬಿಡುವ ಭಾಗ ನೋಡಿ. ಹೆದ್ದಾರಿ 48ರಲ್ಲಿ ಲಾರಿಗಳ ಹಿಂದೆಯೇ ಓಡಿದ ಗಾಡಿಯಾದರೆ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಧೂಳು, ಹೊಗೆಯ ಜಿಡ್ಡು, ಹುಳದ ರೆಕ್ಕೆ ಎಲ್ಲ ಸೇರಿ ಕಂಬಳಿ ಹೊದಿಸಿದಂತೆ ಆಗಿರುತ್ತದೆ. ಬಿಸಿ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ. ಮೆತ್ತನೆ ಬ್ರಷ್, ಕಡಿಮೆ ಒತ್ತಡದ ನೀರು ಸಾಕು. ಪ್ರೆಷರ್ ವಾಷರ್ ಬೇಡ, ರೆಕ್ಕೆಗಳು ಮಡಚಿಕೊಳ್ಳುತ್ತವೆ. ಕಂಪ್ರೆಸರ್ 'ಹ್ಮ್' ಅಂದು ನಿಂತುಬಿಡುತ್ತಿದ್ದರೆ ಅದನ್ನು ಶುರುಮಾಡಿಸುವ ಕೆಪಾಸಿಟರ್ ಹೋಗಿರಬಹುದು. ಅದು ಕೆಲವು ನೂರು ರೂಪಾಯಿಯ ಸಾಮಾನು.

ಒಂದು ಥರ್ಮಾಮೀಟರ್ ಇಟ್ಟುಕೊಳ್ಳಿ. ಎಸಿ ಎಳೆದುಕೊಳ್ಳುವ ಗಾಳಿಗೂ ಬಿಡುವ ಗಾಳಿಗೂ 8ರಿಂದ 11 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸ ಇದ್ದರೆ ಎಸಿ ಸರಿಯಾಗಿಯೇ ಇದೆ. ಆಗ ತಪ್ಪು ಬಾಗಿಲ ಸಂದಿಯದೋ, ಕಿಟಕಿ ಗಾಜಿನದೋ ಇರುತ್ತದೆ. ಕಂಪ್ರೆಸರ್ ಸುಟ್ಟಿದ್ದರೆ, ಗ್ಯಾಸ್ ಸೋರಿ ಹೋಗಿದ್ದರೆ ಬದಲಿಸುವುದೇ ಲೇಸು. ಈ ಬಗೆಯ ಎಸಿಗಳಲ್ಲಿ ಗ್ಯಾಸ್ ಪೈಪುಗಳನ್ನು ಕಾರ್ಖಾನೆಯಲ್ಲೇ ಸೀಲ್ ಮಾಡಿರುತ್ತಾರೆ. ಗ್ಯಾಸ್ ತುಂಬಲೆಂದು ಪೋರ್ಟ್ ಬಿಟ್ಟಿರುವುದಿಲ್ಲ.

ತೂತು ಅಳೆಯಿರಿ, ವೋಲ್ಟೇಜ್ ಓದಿ

ಹೆಚ್ಚಿನ ರೂಫ್ ಎಸಿಗಳು ಕೂರುವುದು 14 ಇಂಚು ಉದ್ದಗಲದ ಚೌಕದ ತೂತಿನಲ್ಲಿ. ಇಲ್ಲಿ ಕಟ್ಟಿಸಿದ ಬಾಡಿಯಲ್ಲಿ ಅಳತೆ ಬೇರೆ ಇರಬಹುದು, ಅದಕ್ಕೇ ಟೇಪ್ ಹಿಡಿದು ನೋಡಿ. ಚಾವಣಿಯ ದಪ್ಪವನ್ನೂ ಬರೆದುಕೊಳ್ಳಿ. ಬೋಲ್ಟಿನ ಉದ್ದ ಅದರ ಮೇಲೆ ನಿಂತಿದೆ.

ಅಮೆರಿಕದ ಮಾಡೆಲ್ ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ. ಅವು 115 ವೋಲ್ಟ್, 60 ಹರ್ಟ್ಜ್‌ನವು. ನಮ್ಮದು 230 ವೋಲ್ಟ್, 50 ಹರ್ಟ್ಜ್. ನೇರ ಜೋಡಿಸಿದರೆ ಹೊಸ ಎಸಿ ಅಲ್ಲೇ ಸುಟ್ಟುಹೋಗುತ್ತದೆ. ಒಂದು ಟನ್ ಆಸುಪಾಸಿನ 230 ವೋಲ್ಟ್ ಎಸಿ ಓಡುವಾಗ ಸುಮಾರು 6ರಿಂದ 7 ಆಂಪ್ ಎಳೆಯುತ್ತದೆ. ಶುರುವಾಗುವ ಕ್ಷಣದಲ್ಲಿ ಅದಕ್ಕಿಂತ ಹಲವು ಪಟ್ಟು. ಚಿಕ್ಕ ಜನರೇಟರ್ ತಿಣುಕುವುದು ಆಗಲೇ. ನಿಧಾನವಾಗಿ ವೇಗ ಏರಿಸಿಕೊಳ್ಳುವ ಇನ್ವರ್ಟರ್ ಕಂಪ್ರೆಸರ್ ಇರುವ ಎಸಿಗೆ ಈ ತೊಂದರೆ ಕಡಿಮೆ. ಹಳ್ಳಿಯ ತೋಟದ ಮನೆಗಳಲ್ಲಿ ಪ್ಲಗ್ ಹಾಕುವವರು ಸ್ಟೆಬಿಲೈಸರ್ ಇಟ್ಟುಕೊಂಡಿರಲೇಬೇಕು.

ಬ್ಯಾಟರಿ ಮೇಲೆ ಓಡುವ ಎಸಿ ಹಾಕಿಸುವುದಾದರೆ ಲೆಕ್ಕ ಬೇರೆ. 12 ವೋಲ್ಟಿನಲ್ಲಿ 1,000 ವಾಟ್ ಅಂದರೆ 80 ಆಂಪ್ ದಾಟುತ್ತದೆ. ಹಳೆಯ ತೆಳು ವೈರ್ ಅದಕ್ಕೆ ಸಾಲುವುದಿಲ್ಲ, ಬಿಸಿಯಾಗಿ ಬೆಂಕಿಯೇ ಹತ್ತಬಹುದು. ದಪ್ಪ ತಾಮ್ರದ ಕೇಬಲ್ ಎಳೆಸಿ. ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ ಇರಲಿ.

ಹಳೆಯದನ್ನು ಇಳಿಸುವುದು

ಹೊರಗಿನ ಪ್ಲಗ್ ಕೀಳಿ, ಜನರೇಟರ್, ಇನ್ವರ್ಟರ್ ಆಫ್ ಮಾಡಿ, ಬ್ಯಾಟರಿ ಕನೆಕ್ಷನ್ ತೆಗೆಯಿರಿ. ಟೆಸ್ಟರ್ ಇಟ್ಟು ನೋಡದೆ ವೈರ್ ಮುಟ್ಟಬೇಡಿ. ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತದೆ, ಅದನ್ನು ಮೆಕ್ಯಾನಿಕ್ಕೇ ಖಾಲಿ ಮಾಡಲಿ. ಯಾವ ವೈರ್ ಎಲ್ಲಿಗೆ ಅಂತ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಒಳಗಿನ ಗ್ರಿಲ್ ಬಿಚ್ಚಿದರೆ ಮೇಲಕ್ಕೆ ಹೋಗುವ ನಾಲ್ಕು ಉದ್ದ ಬೋಲ್ಟ್ ಕಾಣುತ್ತವೆ. ಇಡೀ ಎಸಿಯನ್ನು ಹಿಡಿದಿರುವುದು ಅವೇ.

ಎಸಿ 35ರಿಂದ 50 ಕೆಜಿ ತೂಗುತ್ತದೆ. ಏಣಿ ಮೇಲೆ ನಿಂತು ಒಬ್ಬರೇ ಎತ್ತುವ ಸಾಹಸ ಬೇಡ. ಬಾಡಿ ಕಟ್ಟುವ ಶೆಡ್‌ನಲ್ಲಿ ಭಾರ ಎತ್ತುವ ಸರಪಳಿ ರಾಟೆ (ಚೈನ್ ಬ್ಲಾಕ್) ಇದ್ದರೆ ಅಲ್ಲಿಗೇ ಗಾಡಿ ಒಯ್ಯಿರಿ. ಚಾವಣಿ ಮೇಲೆ ಓಡಾಡುವಾಗ ಪ್ಲೈವುಡ್ ಹಲಗೆ ಹಾಸಿಕೊಳ್ಳಿ.

ಗ್ಯಾಸ್ಕೆಟ್

ಎಸಿಗೂ ಚಾವಣಿಗೂ ನಡುವೆ ಕೂತು ನೀರು ತಡೆಯುವ ಪಟ್ಟಿಯೇ ಗ್ಯಾಸ್ಕೆಟ್. ಇಲ್ಲಿ ಅವಸರ ಬೇಡ. ಹಳೆಯ ಗ್ಯಾಸ್ಕೆಟ್ ಚೂರು, ಗಟ್ಟಿಯಾದ ಅಂಟು ಎಲ್ಲವನ್ನೂ ಪ್ಲಾಸ್ಟಿಕ್ ಕತ್ತಿಯಿಂದ ಕೆರೆದು ಒರೆಸಿ. ತೂತಿನ ಅಂಚಿನ ಮರವನ್ನು ಬೆರಳಿನಿಂದ ಒತ್ತಿ ನೋಡಿ. ಮೆತ್ತಗೆ ಒಳಗೆ ಹೋದರೆ ನೀರು ಕುಡಿದು ಕೊಳೆತಿದೆ ಅಂತ ಅರ್ಥ. ಮರದ ಹೊಸ ಪಟ್ಟಿ ಕೂರಿಸದೆ ಮುಂದುವರಿಯಬೇಡಿ. ಅಷ್ಟು ಭಾರ ಹೊರುವುದು ಅದೇ ಅಂಚು.

ಹೊಸ ಗ್ಯಾಸ್ಕೆಟ್ ಸುಮಾರು ಒಂದು ಇಂಚು ದಪ್ಪದ ಸ್ಪಾಂಜು. ಬೋಲ್ಟ್ ಬಿಗಿದಾಗ ಅದು ಅರ್ಧ ಇಂಚಿಗೆ ಕುಗ್ಗಬೇಕು. ಕಡಿಮೆ ಬಿಗಿದರೆ ಮಳೆ ನೀರು ನುಗ್ಗುತ್ತದೆ. ಜಾಸ್ತಿ ಬಿಗಿದರೆ ಸ್ಪಾಂಜು ಚಪ್ಪಟೆಯಾಗಿ ಮತ್ತೆ ಏಳುವುದೇ ಇಲ್ಲ, ಚಾವಣಿಯೂ ತಗ್ಗುತ್ತದೆ. ತಗ್ಗಿದ ಕಡೆ ನೀರು ನಿಲ್ಲುತ್ತದೆ. ಎದುರುಬದುರು ಮೂಲೆಯ ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಬನ್ನಿ. ಭದ್ರತೆಗೆ ಇರಲಿ ಅಂತ ಸುಮ್ನೆ ಸಿಲಿಕಾನ್ ಬಳಿಯುವವರಿದ್ದಾರೆ, ಒಪ್ಪಬೇಡಿ. ಎಸಿಯಿಂದ ಇಳಿಯುವ ನೀರು ಚಾವಣಿ ಮೇಲೆ ಹರಿದು ಹೋಗಬೇಕು. ಸಿಲಿಕಾನ್ ಆ ದಾರಿಯನ್ನು ಕಟ್ಟಿ ನೀರನ್ನು ಒಳಕ್ಕೆ ತಿರುಗಿಸುತ್ತದೆ. ಎಸಿಯನ್ನು ತಂದು ತೂತಿನ ಮೇಲೆ ನೇರವಾಗಿ ಇಳಿಸಬೇಕು. ಚಾವಣಿ ಮೇಲೆ ಎಳೆದರೆ ಗ್ಯಾಸ್ಕೆಟ್ ಹರಿಯುತ್ತದೆ.

ಒಳಗಿನ ಪೆಟ್ಟಿಗೆ ಕೂರಿಸುವಾಗ ತಂಪು ಗಾಳಿ ಬರುವ ದಾರಿಗೂ ವಾಪಸ್ ಹೋಗುವ ದಾರಿಗೂ ನಡುವಿನ ತಡೆಯನ್ನು ಫಾಯಿಲ್ ಟೇಪ್ ಹಾಕಿ ಸಂದಿಯಿಲ್ಲದಂತೆ ಮುಚ್ಚಿ. ಸಂದಿ ಉಳಿದರೆ ತಂಪು ಗಾಳಿ ಕೋಣೆಗೆ ಬರದೆ ಮೇಲೇ ಸುತ್ತುತ್ತದೆ, ಕಾಯಿಲ್ ಮೇಲೆ ಐಸ್ ಕಟ್ಟುತ್ತದೆ. ಹೊಸ ಎಸಿ ಹಾಕಿದರೂ ಸೆಕೆ ಹೋಗಲಿಲ್ಲ ಅನ್ನುವ ಎಷ್ಟೋ ದೂರುಗಳ ಮೂಲ ಇದೇ.

ಪರೀಕ್ಷೆ

ಕರೆಂಟ್ ಕೊಡುವ ಮೊದಲು ಪೈಪಿನಿಂದ ಚಾವಣಿಗೆ ನೀರು ಬಿಡಿ. ಒಳಗೆ ಒಬ್ಬರು ಟಾರ್ಚ್ ಹಿಡಿದು ತೂತಿನ ಅಂಚು ನೋಡುತ್ತಿರಲಿ. ಮುಂಗಾರಿಗೆ ಮುಂಚಿನ ಗಾಳಿಮಳೆ ಅಡ್ಡಡ್ಡ ಬಡಿಯುತ್ತದೆ ಅಲ್ವಾ, ಅದಕ್ಕೆ ಪಕ್ಕದಿಂದಲೂ ನೀರು ಹಾಯಿಸಿ. ಒಂದು ಹನಿಯೂ ಇಲ್ಲ ಅಂದಮೇಲೆ ಎಸಿ ಆನ್ ಮಾಡಿ, ಥರ್ಮಾಮೀಟರ್ ಇಟ್ಟು ಮೊದಲಿನ ಲೆಕ್ಕವನ್ನೇ ನೋಡಿ. ದೇವರಾಯನದುರ್ಗದ ತಿರುವುಗಳನ್ನು ಹತ್ತಿಳಿದು ಬಂದ ಮೇಲೆ ಇನ್ನೊಮ್ಮೆ ಬೋಲ್ಟ್ ಪರೀಕ್ಷಿಸಿ, ಕುಲುಕಾಟಕ್ಕೆ ಸಡಿಲವಾಗಿರಬಹುದು.

ಹಳೆಯ ಎಸಿಯ ತಾಮ್ರದ ಆಸೆಗೆ ಪೈಪು ಕೊಯ್ಯಬೇಡಿ. ಒಳಗೆ ಗ್ಯಾಸ್ ಉಳಿದಿದ್ದರೆ ಮೆಕ್ಯಾನಿಕ್ ಅದನ್ನು ಸಿಲಿಂಡರಿಗೆ ಹಿಡಿದುಕೊಂಡ ಮೇಲೆಯೇ ಗುಜರಿಗೆ ಹೋಗಲಿ. ಹೊಸ ಎಸಿ ಹಳೆಯದಕ್ಕಿಂತ ಎತ್ತರ ಇರಬಹುದು, ಹಾಗಾಗಿ ಗಾಡಿಯ ಎತ್ತರವನ್ನು ಮತ್ತೆ ಅಳೆದು ಸ್ಟೀರಿಂಗ್ ಮುಂದೆ ಅಂಟಿಸಿ. ರೈಲ್ವೆ ಅಂಡರ್‌ಪಾಸ್ ಬೋರ್ಡ್ ಕಂಡಾಗ ಡ್ರೈವರ್‌ಗೆ ಬೇಕಾಗುವುದು ಆ ಅಂಕಿ.