ಗೋಡೆಯೊಳಗೆ ಕೂರುವ ಸ್ಪೀಕರ್: ಕೊಡಗಿನ ಮನೆಗೆ ಆರಿಸಿಕೊಳ್ಳುವ ಬಗೆ

ಹೊಸದಾಗಿ ಮನೆ ಕಟ್ಟಿಸುವವರು, ಹಳೆಯ ಮನೆಯನ್ನು ದುರಸ್ತಿ ಮಾಡಿಸಿ ಹೋಂಸ್ಟೇ ನಡೆಸಲು ಹೊರಟವರು, ಹಜಾರದ ಗೋಡೆಯೊಳಗೇ ಸ್ಪೀಕರ್ ಕೂರಿಸಬೇಕೆಂದು ಬಯಸುವುದುಂಟು. ನೆಲದ ಮೇಲೆ ಪೆಟ್ಟಿಗೆಗಳಿರುವುದಿಲ್ಲ, ತಂತಿ ಕಾಣುವುದಿಲ್ಲ, ಮುಂದಿನ ಜಾಲರಿಗೂ ಗೋಡೆಯ ಬಣ್ಣವನ್ನೇ ಕೊಟ್ಟರೆ ಅಲ್ಲಿ ಸ್ಪೀಕರ್ ಇರುವುದೇ ಗೊತ್ತಾಗುವುದಿಲ್ಲ. ಆದರೆ ಮಾರುಕಟ್ಟೆಯಲ್ಲಿ ಸಿಗುವ ಇಂಥ ಸ್ಪೀಕರುಗಳಲ್ಲಿ ಹೆಚ್ಚಿನವು, ಮರದ ಅಥವಾ ಉಕ್ಕಿನ ಚೌಕಟ್ಟಿಗೆ ಜಿಪ್ಸಂ ಬೋರ್ಡ್ ಹೊಡೆದು ಕಟ್ಟುವ, ಒಳಗೆ ಟೊಳ್ಳಿರುವ ಗೋಡೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ತಯಾರಾದವು. ನಮ್ಮ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಯ ಮನೆಗಳ ಗೋಡೆ ಇಟ್ಟಿಗೆಯದು ಅಥವಾ ಸಿಮೆಂಟ್ ಬ್ಲಾಕಿನದು. ಹಳೆಯ ಐನ್‌ಮನೆಗಳಲ್ಲಿ, ಅಂದರೆ ಕೊಡವ ಕುಟುಂಬಗಳ ಮೂಲಮನೆಗಳಲ್ಲಿ, ದಪ್ಪ ಮಣ್ಣಿನ ಗೋಡೆಯೂ ಉಂಟು. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಗೋಡೆಯ ಮುಂದೆ ನಿಂತು ಯೋಚಿಸಬೇಕು.

ಮೊದಲು ಗೋಡೆ

ಅಳತೆಯ ಟೇಪು ಹಿಡಿದು ಗೋಡೆಯ ದಪ್ಪವನ್ನು ನೋಡಿ. ಗೋಡೆಯೊಳಗಿನ ಸ್ಪೀಕರಿಗೆ ಸಾಮಾನ್ಯವಾಗಿ ಮೂರೂವರೆಯಿಂದ ನಾಲ್ಕು ಇಂಚು ಆಳ ಬೇಕಾಗುತ್ತದೆ. ನಾಲ್ಕೂವರೆ ಇಂಚಿನ ಒಂಟಿ ಇಟ್ಟಿಗೆಯ ಗೋಡೆಯಲ್ಲಿ ಅಷ್ಟು ಆಳ ತೆಗೆದರೆ ಹಿಂಬದಿಯಲ್ಲಿ ಗಾರೆಯಷ್ಟೇ ಉಳಿಯುತ್ತದೆ. ಅಲ್ಲಿ ಆ ಯೋಚನೆಯನ್ನೇ ಬಿಡಬೇಕು. ಒಂಬತ್ತು ಇಂಚಿನ ಗೋಡೆಯಲ್ಲಿ ಜಾಗವೇನೋ ಇದೆ, ಆದರೆ ಅದು ಭಾರ ಹೊರುವ ಗೋಡೆಯಾದರೆ ಎಂಜಿನಿಯರ್ ನೋಡಿ ಒಪ್ಪದೆ ಕತ್ತರಿಸಬಾರದು. ಐನ್‌ಮನೆಯ ಮಣ್ಣಿನ ಗೋಡೆಯನ್ನಂತೂ ಯಾವ ಕಾರಣಕ್ಕೂ ಕೊರೆಯಬೇಡಿ. ತಲೆಮಾರುಗಳಿಂದ ನಿಂತಿರುವ ಗೋಡೆಗೆ ಮಾಡಿದ ಗಾಯವನ್ನು ಮತ್ತೆ ಅದೇ ಗಟ್ಟಿತನದಲ್ಲಿ ಮುಚ್ಚುವುದು ಕಷ್ಟ, ಸಂಗೀತ ಕೇಳಲು ಬೇರೆ ದಾರಿಗಳಿವೆ.

ಎರಡನೆಯದಾಗಿ ತೇವ. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿಯುತ್ತದೆ. ನೈಋತ್ಯದಿಂದ ಬೀಸುವ ಗಾಳಿಯ ಜೊತೆ ಇರಚಲು ಹೊಡೆಯುವ ಹೊರಗೋಡೆಗಳು ಆ ತಿಂಗಳುಗಳಲ್ಲಿ ಒಳಗಿನಿಂದಲೂ ತಣ್ಣಗಿರುತ್ತವೆ, ಕೆಲವು ಕಡೆ ಬೂಷ್ಟು ಹಿಡಿಯುತ್ತದೆ. ಅಂಥ ಗೋಡೆಯಲ್ಲಿ ಸ್ಪೀಕರ್ ಇಡಬೇಡಿ. ಎರಡು ಕೋಣೆಗಳ ನಡುವಿನ ಒಳಗೋಡೆಯೇ ಸರಿಯಾದ ಜಾಗ. ಕುಶಾಲನಗರದ ಕಡೆ ಮಳೆ ಬಹಳ ಕಡಿಮೆಯಾದರೂ ಒಳಗೋಡೆಯನ್ನೇ ಆರಿಸುವುದು ಕ್ಷೇಮ.

ಎಲ್ಲವನ್ನೂ ತೂಗಿ ನೋಡಿದರೆ ನಮ್ಮ ಜಿಲ್ಲೆಯ ಮನೆಗಳಿಗೆ ಹೊಂದುವ ಕ್ರಮ ಇನ್ನೊಂದಿದೆ ಎಂಬುದು ನನ್ನ ಅಭಿಪ್ರಾಯ. ಇರುವ ಗೋಡೆಯನ್ನು ಕೊರೆಯದೆ, ಅದರ ಮುಂದೆ ಐದು ಇಂಚು ಆಳ ಬರುವಂತೆ ಗಟ್ಟಿ ರೀಪುಗಳ ಚೌಕಟ್ಟು ನಿಲ್ಲಿಸಿ, ಪ್ಲೈವುಡ್ಡಿನ ಮುಖ ಕೊಟ್ಟು, ಸ್ಪೀಕರನ್ನು ಆ ಹೊಸ ಗೋಡೆಯಲ್ಲಿ ಕೂರಿಸುವುದು. ಕೋಣೆಯಲ್ಲಿ ಅರ್ಧ ಅಡಿ ಜಾಗ ಹೋಗುತ್ತದೆ ನಿಜ. ಆದರೆ ಗಾರೆಯ ತೇವ ಸ್ಪೀಕರಿಗೆ ನೇರವಾಗಿ ತಾಗುವುದಿಲ್ಲ, ತಂತಿ ಕೆಟ್ಟರೆ ಬಿಚ್ಚಿ ನೋಡಬಹುದು, ಮುಂದೊಮ್ಮೆ ಬೇಡವೆನಿಸಿದರೆ ಮೂಲ ಗೋಡೆ ಹಾಗೆಯೇ ಇರುತ್ತದೆ.

ಬೆನ್ನಿನ ಪೆಟ್ಟಿಗೆ

ಸ್ಪೀಕರಿನ ಕೋನ್ (ಅದುರಿ ಧ್ವನಿ ಹೊರಡಿಸುವ ಶಂಕುವಿನಾಕಾರದ ಭಾಗ) ಮುಂದಕ್ಕೆ ತಳ್ಳಿದಾಗ ಮುಂಭಾಗದ ಗಾಳಿ ಒತ್ತುತ್ತದೆ, ಅದೇ ಕ್ಷಣದಲ್ಲಿ ಹಿಂಭಾಗದ ಗಾಳಿ ಸಡಿಲವಾಗುತ್ತದೆ. ಹೀಗೆ ಹಿಂದೆ ಹುಟ್ಟುವ ಅಲೆ ಮುಂದಿನ ಅಲೆಗೆ ತದ್ವಿರುದ್ಧವಾಗಿರುತ್ತದೆ. ಎರಡೂ ಕೂಡಿದರೆ ಒಂದನ್ನೊಂದು ಅಳಿಸುತ್ತವೆ, ಅದರಲ್ಲೂ ಡೋಲಿನ ಪೆಟ್ಟಿನಂಥ ತಗ್ಗು ನಾದಗಳು ಮಾಯವಾಗುತ್ತವೆ. ಸಾಮಾನ್ಯ ಸ್ಪೀಕರಿನ ಮರದ ಪೆಟ್ಟಿಗೆ ಇರುವುದೇ ಈ ಹಿಂದಿನ ಅಲೆಯನ್ನು ಕಟ್ಟಿಹಾಕಲು. ಗೋಡೆಯೊಳಗಿನ ಸ್ಪೀಕರಿಗೆ ಪೆಟ್ಟಿಗೆ ಬರುವುದು ಕಡಿಮೆ, ಗೋಡೆಯ ಟೊಳ್ಳೇ ಅದರ ಪೆಟ್ಟಿಗೆ. ಟೊಳ್ಳಿನ ಗಾತ್ರ ಎಷ್ಟೋ, ಎಲ್ಲಿ ಸಂದಿ ಬಿಟ್ಟಿದೆಯೋ ತಿಳಿಯದಿದ್ದರೆ ಧ್ವನಿ ಹೇಗೆ ಬರುತ್ತದೆಂದು ಯಾರೂ ಹೇಳಲಾರರು.

ಇದನ್ನು ನಾನು ಕಲಿತದ್ದು ನಮ್ಮ ಮನೆಯಲ್ಲೇ. ಕೂರಿಸಿಕೊಟ್ಟವರು ಬೆನ್ನಿಗೆ ಪೆಟ್ಟಿಗೆ ಬೇಡವೆಂದರು, ನಾವೂ ಒಪ್ಪಿದೆವು. ಹಜಾರದಲ್ಲಿ ಹಾಡಿನ ಬುಡವೇ ಇಲ್ಲದಂತೆ ಕೇಳುತ್ತಿತ್ತು, ಪಕ್ಕದ ಮಲಗುವ ಕೋಣೆಯಲ್ಲಿ ಮಾತ್ರ ಗೋಡೆ ಗುಂಯ್‌ಗುಟ್ಟುತ್ತಿತ್ತು. ಒಂದು ಮಳೆಗಾಲ ಕಳೆದು ಬಿಚ್ಚಿದಾಗ ಹಿಂದೆ ಹಲ್ಲಿಯ ಮೊಟ್ಟೆಗಳಿದ್ದವು, ತಂತಿ ಸಿಕ್ಕಿಸುವ ತುದಿಗಳು ಹಸಿರುಗಟ್ಟಿದ್ದವು.

ಆದ್ದರಿಂದ ಸ್ಪೀಕರ್ ಜೊತೆಗೆ ತಯಾರಕರದೇ ಬೆನ್ನುಪೆಟ್ಟಿಗೆ ಸಿಗುತ್ತದೆಯೇ ಎಂದು ಮೊದಲು ಕೇಳಿ. ಸಿಗದಿದ್ದರೆ ಎಷ್ಟು ಲೀಟರ್ ಗಾಳಿ ಬೇಕೆಂಬುದನ್ನು ಅದರ ಕೈಪಿಡಿಯಲ್ಲಿ ನೋಡಿ ಬಡಗಿಯಿಂದ ಮಾಡಿಸಿ. ಒಳ ಅಳತೆ 35 ಸೆಂ.ಮೀ. ಅಗಲ, 80 ಸೆಂ.ಮೀ. ಎತ್ತರ, 10 ಸೆಂ.ಮೀ. ಆಳವಿದ್ದರೆ 28 ಲೀಟರ್ ಆಗುತ್ತದೆ; ಆಳ ಕಡಿಮೆಯಿರುವಲ್ಲಿ ಹೀಗೆ ಎತ್ತರದಲ್ಲಿ ಗಾತ್ರ ತುಂಬಿಸಿಕೊಳ್ಳಬಹುದು. ನೀರಿಗೆ ಬಿಡದ ಐಎಸ್ 710 ದರ್ಜೆಯ ಪ್ಲೈವುಡ್ ಬಳಸಿ, ಮೂಲೆಗಳಿಗೆಲ್ಲ ಅಂಟು ಮತ್ತು ಸೀಲಂಟ್ ಹಾಕಿಸಿ, ಒಳಗೆ ಹತ್ತಿಯ ಬದಲು ಪಾಲಿಯೆಸ್ಟರ್ ನಾರನ್ನು ಸಡಿಲವಾಗಿ ತುಂಬಿಸಿ. ಹತ್ತಿ ನಮ್ಮ ಹವೆಯಲ್ಲಿ ನೀರು ಹೀರಿ ಕುಳಿತುಬಿಡುತ್ತದೆ.

ಅಂಗಡಿಯಲ್ಲಿ ನೋಡಬೇಕಾದದ್ದು

ಹನ್ನೆರಡು ಅಡಿ ಅಗಲ, ಹದಿನೈದು ಅಡಿ ಉದ್ದದ ಹಜಾರಕ್ಕೆ ಆರೂವರೆ ಇಂಚಿನ ವೂಫರ್ (ತಗ್ಗು ನಾದ ಹೊರಡಿಸುವ ಭಾಗ) ಇರುವ ಸ್ಪೀಕರ್ ಸಾಕು. ಅದಕ್ಕಿಂತ ದೊಡ್ಡ ಕೋಣೆಗೆ ಎಂಟು ಇಂಚಿನದನ್ನು ನೋಡಬಹುದು. ತೀರಾ ತಗ್ಗಿನ ನಾದವನ್ನು, ಅಂದರೆ ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನದನ್ನು, ನೆಲದ ಮೇಲಿಡುವ ಸಬ್‌ವೂಫರಿಗೆ ಬಿಟ್ಟರೆ ಗೋಡೆಯ ಕಂಪನವೂ ಕಡಿಮೆಯಾಗುತ್ತದೆ.

ಯಾವುದರಿಂದ ಮಾಡಿದ್ದು ಎಂಬ ಪ್ರಶ್ನೆಗೆ ಕೊಡಗಿನಲ್ಲಿ ಹೆಚ್ಚು ತೂಕವಿದೆ. ಲೇಪನವಿಲ್ಲದ ಕಾಗದದ ಕೋನ್ ತೇವ ಹೀರುತ್ತದೆ. ಕೋನಿನ ಅಂಚಿಗಿರುವ ಸುತ್ತುಪಟ್ಟಿ ಫೋಮಿನದಾದರೆ ವರ್ಷಗಳು ಕಳೆದಂತೆ ಪುಡಿಯಾಗುತ್ತದೆ. ಪಾಲಿಪ್ರೊಪಿಲೀನ್ ಕೋನ್, ರಬ್ಬರಿನ ಸುತ್ತುಪಟ್ಟಿ, ತುಕ್ಕು ಹಿಡಿಯದ ಅಲ್ಯೂಮಿನಿಯಂ ಜಾಲರಿ, ಈ ಮೂರೂ ಇರುವುದನ್ನು ಕೇಳಿ ಪಡೆಯಿರಿ. ನೋಡಲು ಎಷ್ಟೇ ಚಂದವಿದ್ದರೂ ಈ ವಿಷಯದಲ್ಲಿ ರಾಜಿ ಬೇಡ.

ಡಬ್ಬದ ಮೇಲೆ ದೊಡ್ಡಕ್ಷರದಲ್ಲಿ ಬರೆದ ವ್ಯಾಟ್ ಸಂಖ್ಯೆಗೆ ಮರುಳಾಗುವುದಕ್ಕಿಂತ ಸೆನ್ಸಿಟಿವಿಟಿ ಎಷ್ಟೆಂದು ನೋಡುವುದು ಒಳ್ಳೆಯದು. ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಧ್ವನಿ ಬರುತ್ತದೆ ಎಂಬುದೇ ಈ ಅಂಕಿ. ಮೂರು ಡೆಸಿಬೆಲ್ ಹೆಚ್ಚಿಸಲು ಎರಡರಷ್ಟು ವಿದ್ಯುತ್ ಬೇಕು. ಹಾಗಾಗಿ 87 ಡೆಸಿಬೆಲ್ಲಿನ ಸ್ಪೀಕರ್ 100 ವ್ಯಾಟ್‌ನಲ್ಲಿ ಕೊಡುವ ಧ್ವನಿಯನ್ನು 90 ಡೆಸಿಬೆಲ್ಲಿನದು 50 ವ್ಯಾಟ್‌ನಲ್ಲೇ ಕೊಡುತ್ತದೆ. ಇಂಪೀಡೆನ್ಸ್, ಅಂದರೆ ವಿದ್ಯುತ್ತಿಗೆ ಸ್ಪೀಕರ್ ಒಡ್ಡುವ ತಡೆ, 8 ಓಂ ಇದ್ದರೆ ಬಹುತೇಕ ಎಲ್ಲ ಆಂಪ್ಲಿಫೈಯರುಗಳಿಗೂ ಹೊಂದುತ್ತದೆ. 4 ಓಂನದಾದರೆ ಆಂಪ್ಲಿಫೈಯರ್ ಅದನ್ನು ತಾಳಿಕೊಳ್ಳುತ್ತದೆಯೇ ಎಂದು ವಿಚಾರಿಸಿ.

ಕೇಳಿ ನೋಡುವಾಗ ಅಂಗಡಿಯವರು ಹಾಕಿದ ಹಾಡಿಗೆ ನಿಲ್ಲದೆ ನಿಮಗೆ ಚೆನ್ನಾಗಿ ಗೊತ್ತಿರುವುದನ್ನು ಒಯ್ಯಿರಿ. ವಾಲಗದ ಒಳ್ಳೆಯ ಮುದ್ರಣವಿದ್ದರೆ ಅದಕ್ಕಿಂತ ಕಠಿಣ ಪರೀಕ್ಷೆ ಬೇಡ: ಚರ್ಮವಾದ್ಯದ ಪೆಟ್ಟು ಒಂದರೊಳಗೊಂದು ಕಲಸಿಹೋಗದೆ ಬಿಡಿಬಿಡಿಯಾಗಿ ಕೇಳಬೇಕು, ಊದುವ ವಾದ್ಯ ಕಿವಿ ಕೊರೆಯಬಾರದು. ಆಮೇಲೆ ಸಂಗೀತವಿಲ್ಲದ ಬರಿಯ ಮಾತನ್ನು ಹಾಕಿಸಿ. ಆಷಾಢದ ಮಳೆ ಶೀಟಿನ ಮಾಡಿನ ಮೇಲೆ ಬಡಿಯುವಾಗ ಸಿನಿಮಾದ ಸಂಭಾಷಣೆಯೇ ಮೊದಲು ಮುಳುಗುವುದು. ಆಗ ಬೇಸ್ ಏರಿಸಿದರೆ ಮಾತು ಇನ್ನಷ್ಟು ಮಸುಕಾಗುತ್ತದೆ. ಸಿನಿಮಾ ನೋಡುವ ಮನೆಯಾದರೆ ಟಿವಿಯ ಕೆಳಗೆ ಮಾತಿಗೆಂದೇ ಮಧ್ಯದ ಸ್ಪೀಕರ್ ಇರಲಿ.

ಜಾಗ ಮತ್ತು ತಂತಿ

ಕುಳಿತವರ ಕಿವಿಯ ಮಟ್ಟದಲ್ಲಿ, ಅಂದರೆ ನೆಲದಿಂದ ಸುಮಾರು ಒಂದು ಮೀಟರ್ ಎತ್ತರದಲ್ಲಿ ಟ್ವೀಟರ್ (ಏರು ನಾದ ಹೊರಡಿಸುವ ಪುಟ್ಟ ಭಾಗ) ಬರಬೇಕು. ಎರಡು ಸ್ಪೀಕರುಗಳ ನಡುವಿನ ದೂರವೂ ಅವುಗಳಿಂದ ಕೂರುವ ಜಾಗಕ್ಕಿರುವ ದೂರವೂ ಹೆಚ್ಚುಕಡಿಮೆ ಸಮನಾಗಿರಲಿ. ಕತ್ತರಿಸಿದ ಮೇಲೆ ಸರಿಸಲಾಗದ ವಸ್ತುವಿದು. ಆದ್ದರಿಂದ ಯಾರಲ್ಲಾದರೂ ಮಾಮೂಲಿ ಸ್ಪೀಕರ್ ಜೋಡಿಯೊಂದನ್ನು ಕೇಳಿ ತಂದು, ಅದೇ ಜಾಗದಲ್ಲಿ ಸ್ಟೂಲಿನ ಮೇಲಿಟ್ಟು ಒಂದು ವಾರ ಕೇಳಿ, ಅನಂತರ ಪೆನ್ಸಿಲಿನಿಂದ ಗುರುತು ಹಾಕಿ.

ತಂತಿ ಶುದ್ಧ ತಾಮ್ರದ್ದೇ ಆಗಿರಲಿ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿ ಅಗ್ಗಕ್ಕೆ ಸಿಗುತ್ತದೆ, ಆದರೆ ಅದರ ರೋಧ ಹೆಚ್ಚು. 8 ಓಂ ಸ್ಪೀಕರಿಗೆ 15 ಮೀಟರ್ ದೂರದವರೆಗೆ 1.5 ಚದರ ಮಿ.ಮೀ. ತಂತಿ ಸಾಕು, ಅದಕ್ಕೂ ದೂರವಾದರೆ 2.5 ಚದರ ಮಿ.ಮೀ. ಬೇಕು. ಕರೆಂಟಿನ ಪೈಪಿನಿಂದ ಒಂದಡಿ ದೂರದಲ್ಲಿ ಬೇರೆಯೇ ಪಿವಿಸಿ ಪೈಪು ಹಾಕಿಸಿ, ಎರಡೂ ದಾಟಲೇಬೇಕಾದಲ್ಲಿ ನೇರ ಅಡ್ಡಲಾಗಿ ದಾಟಿಸಿ. ಗಾರೆ ಹಾಕುವ ಮುನ್ನ ಟೇಪು ಹಿಡಿದು ಗೋಡೆಯ ಫೋಟೊ ತೆಗೆದಿಟ್ಟುಕೊಳ್ಳಿ. ಗುಡುಗು ಸಿಡಿಲಿನ ಹೊತ್ತಿನಲ್ಲಿ ಆಂಪ್ಲಿಫೈಯರಿನ ಪ್ಲಗ್ ಕಿತ್ತಿಡುವ ಅಭ್ಯಾಸ ಮನೆಯವರೆಲ್ಲರಿಗೂ ಇರಲಿ.

ಕೂರಿಸಿದ ಮೊದಲ ವರ್ಷ, ಸೆಪ್ಟೆಂಬರ್ ಕಳೆದು ಬಿಸಿಲು ಬಿದ್ದ ಮೇಲೆ ಜಾಲರಿ ತೆಗೆದು, ಸ್ಕ್ರೂ ಸಡಿಲಿಸಿ, ಬೆನ್ನಿನ ಪೆಟ್ಟಿಗೆಯ ಒಳಗೆ ಕೈ ಹಾಕಿ ನೋಡಿ. ನಾರು ಒಣಗಿದ್ದು, ತಂತಿಯ ತುದಿ ತಾಮ್ರದ ಬಣ್ಣದಲ್ಲೇ ಇದ್ದರೆ ಮತ್ತೆ ಬಿಗಿದು ಮುಚ್ಚಿ. ತೇವ ತಾಗಿದರೆ ಸ್ಪೀಕರನ್ನು ಹೊರಗೆ ತೆಗೆದಿಟ್ಟು, ನೀರು ಎಲ್ಲಿಂದ ಬರುತ್ತಿದೆ ಎಂಬುದನ್ನು ಮುಂದಿನ ಮಳೆಗಾಲದೊಳಗೆ ಮೇಸ್ತ್ರಿಯನ್ನು ಕರೆಸಿ ಹುಡುಕಿಸಿ.